ತೊಟ್ಟಿಲಿಗೆ ಕಟ್ಟಿದ ಬೀಪರ್

ನನ್ನ ಕೆಲಸ ಮೊಬೈಲ್ ಟವರ್ ಹತ್ತುವುದು. ಹದಿನಾರು ವರ್ಷದಿಂದ ಹತ್ತುತ್ತಿದ್ದೇನೆ. ಆಂಟೆನಾ ಕಟ್ಟುತ್ತೇನೆ, ಬಿಚ್ಚುತ್ತೇನೆ, ಅದರ ಮುಖ ಇತ್ತ ತಿರುಗಿಸು ಎಂದರೆ ಇತ್ತ, ಅತ್ತ ಎಂದರೆ ಅತ್ತ ತಿರುಗಿಸುತ್ತೇನೆ. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದರೆ ಜನ ನಮ್ಮನ್ನು ಬೈಯುತ್ತಾರೆ. ಕೇಳಿಸಲಿ ಎಂದು ಟವರ್ ಹಾಕಲು ಹೋದರೆ ಆಗಲೂ ನಮ್ಮನ್ನೇ ಬೈಯುತ್ತಾರೆ. ಎರಡೂ ಬೈಗುಳ ನನಗೆ ಒಗ್ಗಿಹೋಗಿದ್ದವು. ಅದೇ ಬೈಗುಳ ನನ್ನ ಅಡುಗೆಮನೆಯಿಂದ ಬಂದ ದಿನ ಮಾತ್ರ ನನ್ನ ಬಾಯಿ ಕಟ್ಟಿಹೋಯಿತು.

ನಮ್ಮದು ಮೂರನೇ ಮಹಡಿಯ ಬಾಡಿಗೆ ಮನೆ. ರಸ್ತೆಯಾಚೆಯ ಕಟ್ಟಡದ ತಾರಸಿಯ ಮೇಲೆ ಕಂಬ ನಿಲ್ಲಿಸಿ ಆಂಟೆನಾ ಹಾಕಿದಾಗ ನಮ್ಮ ಮಗಳಿಗೆ ಆರು ತಿಂಗಳು. ಅದು ನಮ್ಮ ಕಂಪನಿಯದಲ್ಲ, ನಾನು ಕಟ್ಟಿದ್ದೂ ಅಲ್ಲ. ಆದರೂ ನಮ್ಮ ಕಟ್ಟಡದವರಿಗೆ ಟವರ್ ಎಂದರೆ ನಾನು. ಮೆಟ್ಟಿಲಲ್ಲಿ ಎದುರಾದವರೆಲ್ಲ ಮದುವೆಮನೆಯಲ್ಲಿ ಕಳ್ಳನನ್ನು ಕಂಡವರ ಹಾಗೆ ನೋಡತೊಡಗಿದರು. ಕೆಳಮನೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರು ಟವರ್ ತೆಗೆಸಬೇಕೆಂದು ಅರ್ಜಿ ಬರೆದು, ಮನೆಮನೆಗೂ ಹೋಗಿ ಸಹಿ ಹಾಕಿಸಿಕೊಂಡರು. ನಮ್ಮ ಮನೆಗೆ ಬಂದಾಗ ಮಗುವನ್ನು ನೋಡಿ, "ಟವರ್ ಕಿರಣ ಮೊದಲು ತಟ್ಟೋದೇ ಎಳೇ ಮಕ್ಕಳಿಗಮ್ಮ" ಎಂದು ನನ್ನ ಹೆಂಡತಿಗೆ ಹೇಳಿದರು. ಒಳ್ಳೆಯ ಮನುಷ್ಯ. ಕೆಟ್ಟದ್ದಾಗಲಿ ಎಂದು ಹೇಳಿದ್ದಲ್ಲ. ಆದರೆ ಆ ಒಂದು ಮಾತು ನನ್ನ ಮನೆಗೆ ಬೆಂಕಿ ಇಟ್ಟಿತು.

ಎರಡು ಸಲ ಹೊಟ್ಟೆಯಲ್ಲೇ ಹೋದ ಮೇಲೆ ಉಳಿದ ಮಗು ಇದು. ಟವರ್ ಬಂದ ವಾರದಲ್ಲೇ ಮಗು ನಿದ್ದೆ ಬಿಟ್ಟಿತು. ಅರ್ಧ ಗಂಟೆಗೊಮ್ಮೆ ಬೆಚ್ಚಿ ಎದ್ದು ಚೀರುತ್ತಿತ್ತು. ಹಲ್ಲು ಬರುವ ಸಮಯ ಎಂದರು ಮಕ್ಕಳ ಡಾಕ್ಟರು. ತೂಕ ಯಾಕೆ ಏರುತ್ತಿಲ್ಲ ಎಂದು ಕೇಳಿದರೆ ಕೆಲವು ಮಕ್ಕಳು ಹೀಗೇ ಎಂದರು. ಎರಡನ್ನು ಕಳೆದುಕೊಂಡವಳಿಗೆ 'ಕೆಲವು ಮಕ್ಕಳು' ಎನ್ನುವ ಉತ್ತರ ಯಾವ ಮೂಲೆಗೆ ಸಾಲುತ್ತದೆ?

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಹೆಚ್ಚಾಗಿ ಶಾಲೆಯ ಯೂನಿಫಾರಂ. ಕಿಟಕಿಯ ಪಕ್ಕದಲ್ಲಿದ್ದ ಹೊಲಿಗೆ ಯಂತ್ರವನ್ನು ಅವಳು ಕತ್ತಲೆಯ ನಡುಮನೆಗೆ ಎಳೆದಳು. ಕಿಟಕಿಗೆ ದಪ್ಪ ಬಟ್ಟೆ ಹೊಡೆದಳು, ಆಮೇಲೆ ಅದರ ಮೇಲೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದಳು. ತೊಟ್ಟಿಲು ಮೊದಲು ಮಲಗುವ ಕೋಣೆಯಿಂದ ನಡುಮನೆಗೆ ಬಂತು, ನಡುಮನೆಯಿಂದ ಅಡುಗೆಮನೆಗೆ ಹೋಯಿತು. ಬೆಕ್ಕು ಮರಿಯನ್ನು ಕಚ್ಚಿಕೊಂಡು ಮನೆಯಿಂದ ಮನೆಗೆ ಅಲೆಯುತ್ತದಲ್ಲ, ಹಾಗೆ. ಮಗು ಎದ್ದರೆ ಅವಳೂ ಏಳುತ್ತಿದ್ದಳು. ಮಗು ಮಲಗಿದರೆ ಉಸಿರಾಡುತ್ತಿದೆಯೋ ಎಂದು ನೋಡುತ್ತ ಕೂರುತ್ತಿದ್ದಳು. ಒಂದು ದಿನ ಹೊಲಿಯುತ್ತಿದ್ದಂತೆಯೇ ತೂಕಡಿಸಿ ಸೂಜಿಯನ್ನು ಬೆರಳಿಗೇ ಓಡಿಸಿಕೊಂಡಳು. ರಕ್ತ ಬಿಳಿ ಅಂಗಿಗೆ ಹತ್ತಿತ್ತು. ಅವಳು ಬೆರಳನ್ನು ಬಿಟ್ಟು ಅಂಗಿಯನ್ನು ತೊಳೆಯುತ್ತಿದ್ದಳು.

ಬೇರೆ ಮನೆ ನೋಡೋಣ ಎಂದೆ. ನೋಡಿದೆವು ಕೂಡ. ಹೋದಲ್ಲೆಲ್ಲ ಅವಳು ಮೊದಲು ತಲೆಯೆತ್ತಿ ತಾರಸಿಗಳನ್ನು ಎಣಿಸುತ್ತಿದ್ದಳು. ಟವರ್ ಇಲ್ಲದ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುವುದೂ ಒಂದೇ, ಸಾವಿಲ್ಲದ ಮನೆಯ ಸಾಸಿವೆ ತರುವುದೂ ಒಂದೇ.

ನಾನು ಹೇಳದೆ ಬಿಟ್ಟಿದ್ದೇನೂ ಇಲ್ಲ. "ನೋಡು, ಆಂಟೆನಾ ಅನ್ನೋದು ಟಾರ್ಚ್ ಇದ್ದ ಹಾಗೆ. ಮುಂದಕ್ಕೆ ಎರಚುತ್ತೆ. ಮೂಗು ತಾಗೋ ಹಾಗೆ ಎದುರು ನಿಂತವನಿಗೆ ಅಪಾಯ, ಅದು ನಮ್ಮಂಥವರಿಗೆ. ರಸ್ತೆ ದಾಟಿ ಇಲ್ಲಿಗೆ ಬರೋ ಹೊತ್ತಿಗೆ ಏನೂ ಉಳಿದಿರಲ್ಲ. ಎದುರುಮನೆ ಒಲೆಗೆ ನಮ್ಮ ಮನೆ ಹಾಲು ಉಕ್ಕುತ್ತಾ?" ಎಂದೆ.

"ಎದುರುಮನೆ ಒಲೆ ಹಗಲೂ ರಾತ್ರಿ ಆರದೆ ಉರಿದ್ರೆ?" ಎಂದಳು.

"ಆದ್ರೂ ಉಕ್ಕಲ್ಲ."

"ನೀವು ಅವರ ಉಪ್ಪು ತಿಂದವರು. ಇನ್ನೇನು ಹೇಳ್ತೀರ."

ಹೀಗಿರುವಾಗ ಒಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಯಾರೂ ಕಾಣಲಿಲ್ಲ. ಬಚ್ಚಲಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದಳು. ನೀರಿನ ಟಬ್ಬಿನಲ್ಲಿ ದುಪ್ಪಟಿ ಹಾಸಿ ಮಗುವನ್ನು ಮಲಗಿಸಿದ್ದಳು. ಒದ್ದೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಸೀರೆ ಮೊಣಕಾಲವರೆಗೂ ನೆನೆದಿತ್ತು. "ಇದೊಂದಕ್ಕೇ ರೀ ಕಿಟಕಿ ಇಲ್ಲದಿರೋದು" ಎಂದಳು. ಅವಳ ಕಣ್ಣುಗಳು ಗುಳಿಬಿದ್ದಿದ್ದವು. ನನ್ನ ಹೆಂಡತಿ ನನ್ನ ಕಣ್ಣೆದುರೇ ಕೈಬಿಟ್ಟು ಹೋಗುತ್ತಿದ್ದಾಳೆ ಎಂದು ಅಂದು ಗೊತ್ತಾಯಿತು. ನನಗೆ ಹೆದರಿಕೆಯಾಯಿತು. ಅರವತ್ತು ಮೀಟರ್ ಮೇಲೆ ಬೆಲ್ಟ್ ಜಾರಿದಾಗಲೂ ಅಂಥ ಹೆದರಿಕೆ ಆಗಿರಲಿಲ್ಲ.

ಅವಳನ್ನು ಎಬ್ಬಿಸಲು ಬಗ್ಗಿದಾಗ ಅವಳು ನನ್ನ ಎದೆಯ ಪಟ್ಟಿಯನ್ನು ಹಿಡಿದುಕೊಂಡಳು. ಟವರ್ ಹತ್ತುವಾಗ ಕಟ್ಟುವ ಅದನ್ನು ಅವಸರದಲ್ಲಿ ಬಿಚ್ಚದೆಯೇ ಬಂದಿದ್ದೆ. ಅದರಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಹಳದಿ ಪೆಟ್ಟಿಗೆ ಇರುತ್ತದೆ. ನಾವು ಅದನ್ನು ಬೀಪರ್ ಎನ್ನುತ್ತೇವೆ. ಹತ್ತುವವನು ಇದಿಲ್ಲದೆ ಹತ್ತಕೂಡದು. ಉರಿಯುತ್ತಿರುವ, ಅಂದರೆ ಚಾಲೂ ಇರುವ ಆಂಟೆನಾದ ಎದುರಿಗೆ ಗೊತ್ತಿಲ್ಲದೆ ಹೋದರೆ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಇಲ್ಲದಿದ್ದರೆ ಹಸಿರು ದೀಪ ಮಿಟುಕಿಸುತ್ತ ಸುಮ್ಮನಿರುತ್ತದೆ.

"ಏನೂ ಇಲ್ಲ ಏನೂ ಇಲ್ಲ ಅಂತೀರಲ್ಲ. ಏನೂ ಇಲ್ಲದಿದ್ರೆ ನೀವು ಇದನ್ನ ಯಾಕೆ ಎದೆಗೆ ಕಟ್ಕೋತೀರ?" ಎಂದು ಕೇಳಿದಳು. "ನಿಮ್ಮ ಎದೆಗೆ ಬೇಕು, ನನ್ನ ಮಗು ಎದೆಗೆ ಬೇಡ್ವಾ?"

ನಾನು ಪಟ್ಟಿ ಬಿಚ್ಚಿ ಅವಳ ಕೈಗೆ ಕೊಟ್ಟೆ. "ತಗೋ. ಇದು ಸುಮ್ಮನಿರೋವರೆಗೂ ಏನೂ ಇಲ್ಲ ಅಂತ ತಿಳ್ಕೋ. ಕೂಗಿದ ದಿನ ಈ ಮನೆ ಬಿಟ್ಟು ಎದ್ದು ಹೋಗೋಣ" ಎಂದೆ.

ಇದು ಸುಳ್ಳು. ಎಂಥ ಸುಳ್ಳು ಎನ್ನುವುದನ್ನು ನೆಟ್ಟಗೆ ಹೇಳಿಬಿಡುತ್ತೇನೆ. ಬೀಪರ್ ಇರುವುದು ಆಂಟೆನಾದ ಮುಖಕ್ಕೆ ಮುಖ ಕೊಡುವವನಿಗೆ. ರಸ್ತೆಯಾಚೆಯಿಂದ ಬರುವ ಅಷ್ಟಿಷ್ಟು ಅದರ ಲೆಕ್ಕಕ್ಕೇ ಇಲ್ಲ. ಹೆಂಡತಿ ಕೇಳುತ್ತಿದ್ದ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ. ಲಾರಿ ತೂಗುವ ಕಾಟಾದ ಮೇಲೆ ಮಗುವನ್ನು ಇಟ್ಟು, ಮುಳ್ಳು ಅಲ್ಲಾಡಲಿಲ್ಲ ನೋಡು ಎಂದ ಹಾಗೆ. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ಬುದ್ಧಿ ಓಡಿಸಿದೆ ಎಂದುಕೊಂಡೆ.

ಅವಳು ಅದನ್ನು ತೊಟ್ಟಿಲ ಕಂಬಿಗೆ ದಾರದಿಂದ ಬಿಗಿದಳು. ಅದರ ಮುಂದೆ ಕೂತು ಒಂದು ಗಂಟೆ ನೋಡಿದಳು. ಹಸಿರು ದೀಪ ಮಿಟುಕುತ್ತಲೇ ಇತ್ತು. ತೊಟ್ಟಿಲನ್ನು ಕಿಟಕಿಯ ಹತ್ತಿರಕ್ಕೆ ದೂಡಿ ನೋಡಿದಳು. ಸುಮ್ಮನಿತ್ತು. ಆಮೇಲೆ ತೊಟ್ಟಿಲ ಕೆಳಗೆ ಚಾಪೆ ಹಾಸಿ ಮಲಗಿದವಳು ಮಾರನೇ ದಿನ ಎಂಟು ಗಂಟೆಯಾದರೂ ಏಳಲಿಲ್ಲ. ಮಗುವೂ ಏಳಲಿಲ್ಲ. ತಾಯಿಯ ಕಳವಳವೇ ಮಗುವನ್ನು ಎಬ್ಬಿಸುತ್ತಿತ್ತೋ ಏನೋ, ನಾನು ಡಾಕ್ಟರಲ್ಲ. ಆ ತಿಂಗಳ ಕೊನೆಗೆ ತೂಕ ಆರುನೂರು ಗ್ರಾಂ ಏರಿತ್ತು. ಅವಳು ಯಂತ್ರವನ್ನು ಮತ್ತೆ ಕಿಟಕಿಗೆ ತಂದಳು. ಹಾಳೆ ಕಿತ್ತಳು. ಸಂಜೆ ನಾನು ಒಳಗೆ ಕಾಲಿಡುತ್ತಿದ್ದಂತೆ, "ಇವತ್ತೂ ಕೂಗ್ಲಿಲ್ಲ ರೀ" ಎಂದು ನಗುತ್ತಿದ್ದಳು.

ಮೂರನೇ ದಿನ ಬೀಪರ್ ಬಿಚ್ಚಲು ಹೋಗಿದ್ದೆ. "ಇನ್ನೊಂದು ದಿನ ಇರ್ಲಿ" ಎಂದಳು. ಬೀಪರನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ನಾನು ಕೈ ಹಿಂದೆಗೆದೆ. ಇನ್ನೊಂದು ದಿನ, ಇನ್ನೊಂದು ದಿನ ಎನ್ನುತ್ತ ಐದು ವಾರವಾಯಿತು.

ನಮ್ಮದು ಇಬ್ಬರ ತಂಡ. ನನ್ನ ಜೊತೆಗಾರ ಬೇರೆ ಯಾರೂ ಅಲ್ಲ, ಅವಳ ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿಗೆ ಏಳು, ಇವಳಿಗೆ ಹದಿನೈದು. ಮೀಯಿಸಿ, ಉಣ್ಣಿಸಿ, ಹೊಡೆದು, ಮುದ್ದಿಸಿ ಬೆಳೆಸಿದವಳು ಇವಳೇ. ಈ ಕೆಲಸಕ್ಕೆ ಹಚ್ಚಿದವನು ನಾನು. ಕಂಬ ಹಿಡಿದರೆ ಬಿಡುವವನಲ್ಲ, ಅದಕ್ಕೇ ಕೆಲಸದವರೆಲ್ಲ ಅವನನ್ನು 'ಉಡ' ಎನ್ನುತ್ತಾರೆ. ಅವನು ಕೆಲಸಕ್ಕೆ ಸೇರಿದ ದಿನ ನನ್ನ ಹೆಂಡತಿ, "ಅವನನ್ನ ನಿಮ್ಮ ಕೈಗೆ ಕೊಟ್ಟಿದೀನಿ, ಹಾಗೇ ವಾಪಸ್ ಕರ್ಕೊಂಡು ಬನ್ನಿ" ಎಂದಿದ್ದಳು.

"ಭಾವ, ನಿಮ್ಮ ಬೀಪರ್ ಎಲ್ಲಿ?" ಎಂದು ಉಡ ಮೊದಲ ದಿನವೇ ಕೇಳಿದ.

"ರಿಪೇರಿಗೆ ಕಳಿಸಿದೀನಿ."

"ಸರಿ ಬಿಡಿ. ನಂದೇ ಇದೆಯಲ್ಲ."

ಹತ್ತುವವನು ಕಟ್ಟಿಕೊಳ್ಳಬೇಕು, ಕೆಳಗಿದ್ದವನು ಹಗ್ಗ ನೋಡಿಕೊಳ್ಳಬೇಕು ಎಂದು ಮಾಡಿಕೊಂಡೆವು. ಒಂದೇ ಚಪ್ಪಲಿಯಲ್ಲಿ ಇಬ್ಬರು ಓಡಾಡಿದ ಹಾಗೆ ಐದು ವಾರ ನಡೆಯಿತು. ಪ್ರತಿ ಕೆಲಸಕ್ಕೂ ಮುಂಚೆ ತುಂಬುವ ಪರ್ಮಿಟ್ ಕಾಗದದಲ್ಲಿ 'ಇಬ್ಬರ ಬೀಪರ್‌ಗಳನ್ನೂ ಪರೀಕ್ಷಿಸಲಾಗಿದೆ' ಎಂದು ಒಂದು ಸಾಲಿದೆ. ತಂಡದ ಮುಖ್ಯಸ್ಥ ನಾನು. ಪ್ರತಿ ದಿನವೂ ಆ ಸಾಲಿನ ಮುಂದೆ ಗುರುತು ಹಾಕಿದೆ.

ಆ ದಿನದ ಕೆಲಸ ಆರು ಮಹಡಿಯ ಒಂದು ಆಫೀಸ್ ಕಟ್ಟಡದ ತಾರಸಿಯಲ್ಲಿತ್ತು. ಎರಡು ಕಂಪನಿಗಳು ಆ ತಾರಸಿಯನ್ನು ಹಂಚಿಕೊಂಡಿದ್ದವು. ನಮ್ಮ ಹಳೆಯ ಆಂಟೆನಾ ಇಳಿಸಿ ಹೊಸದನ್ನು ಕಟ್ಟಬೇಕು. ಹೊಸದು ಮೂವತ್ತೆಂಟು ಕೆಜಿ. ಒಬ್ಬನಿಂದ ಆಗುವುದಲ್ಲ, ಇಬ್ಬರೂ ಕಂಬ ಹತ್ತಲೇಬೇಕು. ಆ ದಿನ ನಾನು ಬಾಯಿಬಿಟ್ಟು ಹೇಳಬೇಕಿತ್ತು. ಕೆಲಸ ನಿಲ್ಲಿಸಿ ಮನೆಗೆ ಹೋಗಿ ಬೀಪರ್ ತರಬೇಕಿತ್ತು. ಮನೆ ಎಷ್ಟು ದೂರ, ಅರ್ಧ ಗಂಟೆ.

ಉಡ ತನ್ನ ಬೀಪರನ್ನು ನನ್ನ ಎದೆಗೆ ತಾನೇ ಕಟ್ಟಿದ. "ನೀವು ಕಟ್ಕೊಳ್ಳಿ ಭಾವ. ನಾನು ನಿಮ್ಮ ಪಕ್ಕದಲ್ಲೇ ಇರ್ತೀನಲ್ಲ. ಕೂಗಿದ್ರೆ ಇಬ್ಬರಿಗೂ ಕೇಳ್ಸುತ್ತೆ" ಎಂದ.

ನನಗೂ ಸರಿ ಎನಿಸಿತು. ಇಷ್ಟು ವರ್ಷದ ಅನುಭವಕ್ಕೆ ಮಣ್ಣು ಹಾಕ.

ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಸೈಟ್ ನಂಬರ್ ಹೇಳಿದೆ. ನಮ್ಮ ಆಂಟೆನಾ ಆಫ್ ಮಾಡಿದರು, ನಂಬರನ್ನು ತಿರುಗಿ ಹೇಳಿ ಖಚಿತ ಮಾಡಿದರು. ಆ ಇನ್ನೊಂದು ಕಂಪನಿಯ ಆಂಟೆನಾ ನಮ್ಮ ನಕ್ಷೆಯ ಪ್ರಕಾರ ತಾರಸಿಯ ಆ ತುದಿಯ ಕಂಬದಲ್ಲಿರಬೇಕಿತ್ತು. ಎರಡು ವಾರದ ಹಿಂದೆ ಅವರು ಅದನ್ನು ಕಿತ್ತು ನಮ್ಮ ಪಕ್ಕದ ಕಂಬಕ್ಕೆ ಏರಿಸಿದ್ದರು. ನಮಗೆ ಯಾರೂ ಹೇಳಿರಲಿಲ್ಲ. ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲವೂ ಒಂದೇ ಥರದ ಉದ್ದನೆಯ ಬಿಳಿ ಡಬ್ಬಗಳು. ಉರಿಯುವುದು ಯಾವುದು, ಆರಿದ್ದು ಯಾವುದು ಎಂದು ಮೇಲೆ ಬರೆದಿರುವುದಿಲ್ಲ. ಅದಕ್ಕೇ ತಾನೇ ಬೀಪರ್ ಇರುವುದು.

ಹೊಸ ಆಂಟೆನಾವನ್ನು ಹಗ್ಗದಲ್ಲಿ ಏರಿಸಿದೆವು. ನಾನು ಅದರ ಬೆನ್ನ ಹಿಂದೆ ನಿಂತೆ, ಉಡ ಮುಂದೆ ಹೋಗಿ ಕೆಳಗಿನ ಬ್ರಾಕೆಟ್ ಬಿಗಿಯತೊಡಗಿದ. ಪಕ್ಕದ ಕಂಬದ ಆ ಇನ್ನೊಂದು ಆಂಟೆನಾ ಅವನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ನನಗೂ ಅದಕ್ಕೂ ನಡುವೆ ನಾವೇ ಏರಿಸಿದ ಆಂಟೆನಾದ ಲೋಹದ ಬೆನ್ನು ಅಡ್ಡ ಇತ್ತು. ನನ್ನ ಎದೆಯ ಮೇಲೆ ಹಸಿರು ದೀಪ ಮಿಟುಕುತ್ತಿತ್ತು.

ನಡು ಮಧ್ಯಾಹ್ನ. ಹಳೆಯ ಬ್ರಾಕೆಟ್ಟಿನ ಒಂದು ಬೋಲ್ಟ್ ತುಕ್ಕು ಹಿಡಿದು ಕೂತಿತ್ತು, ಬಿಚ್ಚಲೊಲ್ಲದು. ಇಪ್ಪತ್ತು ನಿಮಿಷ ಅದರ ಜೊತೆ ಗುದ್ದಾಡಿದ ಮೇಲೆ ಉಡ, "ಭಾವ, ಮುಖ ಯಾಕೋ ಬಿಸಿ ಆಗ್ತಿದೆ" ಎಂದ.

"ಬಿಸಿಲಪ್ಪ" ಎಂದೆ.

"ಬಿಸಿಲಲ್ಲ ಇದು. ಒಳಗಿಂದ ಬಿಸಿ. ಕಣ್ಣು ಉರೀತಿದೆ."

ನಾನು ಎದೆ ನೋಡಿಕೊಂಡೆ. "ಬೀಪರ್ ಸುಮ್ಮನಿದೆ ಕಣೋ. ಹಸಿರು. ಬೇಗ ಬಿಗಿದು ಮುಗಿಸು, ಊಟಕ್ಕೆ ಇಳಿಯೋಣ."

ಅವನು ಮತ್ತೆ ಸ್ಪ್ಯಾನರ್ ಹಿಡಿದ. ನಾನು ಹೇಳಿದ್ದನ್ನು ನಂಬಿದ. ಮತ್ತೆ ಇಪ್ಪತ್ತು ನಿಮಿಷ ಅಲ್ಲೇ ನಿಂತು ಬೋಲ್ಟ್ ಬಿಚ್ಚಿ, ಹೊಸದು ಹಾಕಿ, ಅರ್ಧ ಬಿಗಿದ. ಆಮೇಲೆ ಅವನ ಕೈಯಿಂದ ಸ್ಪ್ಯಾನರ್ ಕೆಳಗೆ ಬಿತ್ತು. ಅವನ ಕೈಯಿಂದ ಯಾವತ್ತೂ ಏನೂ ಬಿದ್ದಿದ್ದಿಲ್ಲ. "ಕಾಣಿಸ್ತಿಲ್ಲ ಭಾವ. ನೀರು ನೀರಾಗ್ತಿದೆ" ಎಂದ. ಇಳಿ ಇಳಿ ಎಂದೆ. ಹುಡುಕಿ ಹುಡುಕಿ ಕಾಲಿಡುತ್ತ ಇಳಿದ.

ಅರ್ಧ ಬಿಗಿದ ಆಂಟೆನಾವನ್ನು ಹಾಗೇ ಬಿಟ್ಟರೆ ಕೆಳಗಿನ ರಸ್ತೆಗೆ ಬೀಳುತ್ತದೆ. ಉಳಿದ ಎರಡು ಸುತ್ತು ನಾನೇ ಬಿಗಿಯೋಣ ಎಂದು ಅವನು ನಿಂತಿದ್ದ ಜಾಗಕ್ಕೆ ಸುತ್ತಿ ಬಂದೆ. ಒಂದು ಹೆಜ್ಜೆ. ನನ್ನ ಎದೆಯ ಮೇಲೆ ಬೀಪರ್ ಕಿರುಚಿತು.

ಆ ಸದ್ದನ್ನು ತಾರಸಿಯಲ್ಲಿ ಕೂತಿದ್ದ ಅವನೂ ಕೇಳಿದ. ಕೈಗಳಿಂದ ಕಣ್ಣು ಒತ್ತಿಕೊಂಡೇ ತಲೆಯೆತ್ತಿದ. ನನ್ನ ಜೀವ ಅಲ್ಲೇ ಅರ್ಧ ಹೋಯಿತು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ನನ್ನಿಂದ ಎಲ್ಲವನ್ನೂ ಎರಡು ಸಲ ಕೇಳಿ ತಿಳಿದುಕೊಂಡರು. "ಇಂಥ ಕೇಸ್ ನಾನು ನೋಡಿಲ್ಲ. ಸುಳ್ಳು ಭರವಸೆ ಕೊಡೋಕೆ ನನಗೆ ಬರಲ್ಲ. ಕಣ್ಣಿನ ಮೇಲ್ಪದರ ಬೆಂದ ಹಾಗಿದೆ. ಅದು ವಾಸಿ ಆಗಬಹುದು. ಒಳಗೆ ಎಷ್ಟು ಹೋಗಿದೆ ಅಂತ ಪಟ್ಟಿ ಬಿಚ್ಚಿದ ಮೇಲೆ ನೋಡಬೇಕು, ಆಮೇಲೂ ತಿಂಗಳುಗಟ್ಟಲೆ ನೋಡ್ತಾ ಇರಬೇಕು" ಎಂದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಬಲಗೈಯ ಬೆರಳುಗಳಿಗೂ ಮುಲಾಮು ಹಚ್ಚಿ ಸುತ್ತಿದರು. ಅವನಿಗೆ ಇಪ್ಪತ್ತೇಳು ವರ್ಷ.

ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಕಂಪನಿಯ ಸೇಫ್ಟಿ ಆಫೀಸರ್ ಫೋನ್ ಮಾಡಿದ. ಅವನಿನ್ನೂ ಚಿಕ್ಕ ಪ್ರಾಯದವನು, ಮೆತ್ತಗೆ ಮಾತಾಡುತ್ತಾನೆ. "ನಾಳೆ ಹತ್ತು ಗಂಟೆಗೆ ಪರ್ಮಿಟ್ ಮತ್ತೆ ಇಬ್ಬರದ್ದೂ ಬೀಪರ್ ತಗೊಂಡು ಬನ್ನಿ ಸರ್. ಅದರೊಳಗೆ ಎಲ್ಲ ದಾಖಲಾಗಿರುತ್ತೆ, ಯಾವಾಗ ಎಲ್ಲಿ ಎಷ್ಟಿತ್ತು ಅಂತ" ಎಂದ. ಆಗಲಿ ಎಂದೆ. ಕಳೆದುಹೋಯಿತು ಎನ್ನಲೇ, ಬ್ಯಾಗಿನಲ್ಲಿತ್ತು ಎನ್ನಲೇ, ಉಡ ಮನೆಯಲ್ಲಿ ಮರೆತ ಎನ್ನಲೇ? ನಾಚಿಕೆಗೆಟ್ಟ ಮನಸ್ಸು ಇಷ್ಟನ್ನೂ ಒಂದೊಂದಾಗಿ ತೂಗಿ ನೋಡಿತು. ಆಮೇಲೆ ನನ್ನ ಮೇಲೆ ನನಗೇ ವಾಕರಿಕೆ ಬಂತು. ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುವುದು, ಕೆಲಸ ಹೋದರೆ ಹೋಗಲಿ ಎಂದುಕೊಂಡು ಎದ್ದೆ. ಆದರೆ ಅದಕ್ಕಿಂತ ಮೊದಲು ಮನೆಗೆ ಹೋಗಬೇಕಿತ್ತು. ಅದರ ಮುಂದೆ ಆಫೀಸರ್ ಎದುರು ನಿಲ್ಲುವುದು ಏನೇನೂ ಅಲ್ಲ.

ನಾಲ್ಕು ಗಂಟೆಯ ಹೊತ್ತು. ಅವಳು ಕಿಟಕಿಯ ಬಳಿ ಹೊಲಿಯುತ್ತಿದ್ದಳು, ಪಕ್ಕದಲ್ಲಿ ಕಾಜಾ ಹಾಕಬೇಕಾದ ಅಂಗಿಗಳ ರಾಶಿ. ಮಗು ತೊಟ್ಟಿಲಲ್ಲಿ ಮಲಗಿತ್ತು. ಕೆನ್ನೆ ತುಂಬಿಕೊಂಡಿದ್ದವು.

"ಇಷ್ಟು ಬೇಗ ಬಂದ್ರಿ" ಎಂದು ಅವಳು ಯಂತ್ರ ನಿಲ್ಲಿಸಿದಳು. "ಇವತ್ತೂ ಕೂಗ್ಲಿಲ್ಲ."

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಜಾರಿಬಿದ್ದ ಎಂದು ಹೇಳುವುದೆಂದು ದಾರಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದಿದ್ದೆ. ಅವಳ ಮುಖ ನೋಡಿದ ಮೇಲೆ ಆ ಸುಳ್ಳು ಹೊರಡಲಿಲ್ಲ. ಅವನ ಕಣ್ಣು, ಆಸ್ಪತ್ರೆ, ನನ್ನ ಎದೆಯ ಮೇಲಿದ್ದ ಅವನ ಬೀಪರ್, ಬಿಸಿ ಎಂದಾಗ ಬಿಸಿಲು ಎಂದದ್ದು. ಯಾವುದನ್ನೂ ಬಿಡಲಿಲ್ಲ.

ಅವಳು ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ತೊಟ್ಟಿಲ ಹತ್ತಿರ ಹೋದಳು. ದಾರದ ಗಂಟು ಬಿಚ್ಚಲು ನೋಡಿದಳು. ಬಿಗಿಯಾಗಿತ್ತು. ಹಲ್ಲಿನಿಂದ ಕಡಿದು ಬಿಚ್ಚಿದಳು. ಬೀಪರನ್ನು ಅಂಗೈಯಲ್ಲಿಟ್ಟುಕೊಂಡು, "ಇದು ಅವನ ಹತ್ರ ಇದ್ದಿದ್ರೆ ಕೂಗ್ತಿತ್ತಾ?" ಎಂದು ಕೇಳಿದಳು.

"ಕೂಗ್ತಿತ್ತು. ಮೊದಲ ನಿಮಿಷಕ್ಕೇ."

"ಇಲ್ಲಿ ಯಾವತ್ತಾದ್ರೂ ಕೂಗ್ತಿತ್ತಾ?"

ಅವಳು ಕಾಯುತ್ತ ನಿಂತಳು.

"ಇಲ್ಲ" ಎಂದೆ ಕೊನೆಗೆ. "ಆ ಟವರ್ ಈಗಿನ ಹತ್ತುಪಟ್ಟು ಉರಿದ್ರೂ ಇಲ್ಲಿ ಇದಕ್ಕೆ ಗೊತ್ತಾಗ್ತಿರ್ಲಿಲ್ಲ. ಇದು ಇಲ್ಲಿಗೆ ಮಾಡಿದ್ದಲ್ಲ."

"ಹಾಗಾದ್ರೆ ನನ್ನ ಮಗು ಬಗ್ಗೆ ಇದು ಏನೂ ಹೇಳ್ತಿರ್ಲಿಲ್ಲ."

"ಇಲ್ಲ."

"ನನ್ನ ತಮ್ಮನಿಗೆ ಹೇಳ್ತಿತ್ತು."

ಅವಳಿಗೆ ಕೊಟ್ಟಿದ್ದ ಒಂದೇ ಒಂದು ಧೈರ್ಯವನ್ನೂ ಅದೇ ಉಸಿರಿನಲ್ಲಿ ಕಿತ್ತುಕೊಂಡೆ. ಬೇರೇನೂ ಹೇಳಲು ತೋಚದೆ, "ನಿನ್ನ ಸಲುವಾಗಿ ಮಾಡಿದೆ" ಎಂದುಬಿಟ್ಟೆ. ಆ ಮಾತನ್ನು ಈಗ ನೆನೆದರೆ ಕಪಾಳಕ್ಕೆ ಬಾರಿಸಿಕೊಳ್ಳಬೇಕು ಎನಿಸುತ್ತದೆ. ತಪ್ಪು ಮಾಡಿದವನು ನಾನು. ಅದರ ಭಾರವನ್ನು ಅವಳ ತಲೆಗೆ ದಾಟಿಸಿದ್ದೆ.

ಅವಳು ನನ್ನ ಕಡೆ ನೋಡಲಿಲ್ಲ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, "ನಡೀರಿ" ಎಂದಳು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಎದುರಾದರು. ಅರ್ಜಿಗೆ ಕೊನೆಗೂ ಉತ್ತರ ಬಂದಿದೆಯಂತೆ, ಅಳತೆ ಮಾಡಲು ಜನ ಬರುತ್ತಾರಂತೆ. "ಇನ್ನು ಗೊತ್ತಾಗುತ್ತೆ ನೋಡಿ ಬಂಡವಾಳ" ಎಂದು ನನ್ನನ್ನು ನೋಡಿಯೇ ಹೇಳಿದರು. ಅವಳು ಅವರನ್ನು ದಾಟಿ ಹೋದಳು. ನನಗೆ ಆ ಕ್ಷಣ ಅವರ ಕುತ್ತಿಗೆ ಹಿಸುಕಬೇಕು ಎನಿಸಿದ್ದು ನಿಜ. ಅವರದೇನು ತಪ್ಪು? ಅವರ ಹೆದರಿಕೆಯಾದರೂ ನಿಜವಾಗಿತ್ತು, ನನ್ನ ಧೈರ್ಯ ಸುಳ್ಳಾಗಿತ್ತು.

ಆಸ್ಪತ್ರೆಯ ಕೋಣೆಯಲ್ಲಿ ನಾಲ್ಕು ಹಾಸಿಗೆ, ಉಡನದು ಗೋಡೆಯ ಪಕ್ಕದ್ದು. ಕಣ್ಣಿನ ಮೇಲೆ ಬಿಳಿ ಪಟ್ಟಿ, ಮುಖವೆಲ್ಲ ಕೆಂಪಗೆ ಊದಿಕೊಂಡಿತ್ತು. ಕಾಲಿನ ಸದ್ದಿನಿಂದಲೇ ಅವನಿಗೆ ಗೊತ್ತಾಯಿತು.

"ಅಕ್ಕ, ನೀನ್ಯಾಕೆ ಬಂದೆ? ಮಗು ಕರ್ಕೊಂಡು ಆಸ್ಪತ್ರೆಗೆ ಬರ್ತಾರಾ? ಏನಿಲ್ಲ, ಕಣ್ಣಿಗೆ ಧೂಳು ಬಿತ್ತು" ಎಂದ.

"ನಿನ್ನ ಭಾವ ಎಲ್ಲ ಹೇಳಿದ್ರು."

ಅವನು ಪಟ್ಟಿ ಕಟ್ಟಿದ ಮುಖವನ್ನು ನಾನಿಲ್ಲದ ದಿಕ್ಕಿಗೆ ತಿರುಗಿಸಿ, "ಭಾವ, ನಿಮಗೆ ಒಂದು ಸುಳ್ಳು ಹೇಳೋಕೂ ಬರಲ್ವಲ್ಲ" ಎಂದ.

ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತಳು. ಸೆರಗಿನ ತುದಿ ಒದ್ದೆ ಮಾಡಿ ಅವನ ತುಟಿ ಒರೆಸಿದಳು. ಸಣ್ಣವನಿದ್ದಾಗ ಜ್ವರ ಬಂದರೆ ಹೀಗೇ ಮಾಡುತ್ತಿದ್ದಳೇನೋ. ಅವನು ತಡೆಯಲಿಲ್ಲ.

"ನೀನು ಭಾನುವಾರ ಭಾನುವಾರ ಮನೆಗೆ ಬರ್ತಿದ್ದೆ" ಎಂದಳು. "ಅದು ತೊಟ್ಟಿಲಲ್ಲಿ ಇದ್ದಿದ್ದು ನಿನ್ನ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು."

ರಿಪೇರಿ ಎಂದು ಇವನಿಗೆ ದಿನಾ ಹೇಳುತ್ತಿದ್ದೆ. ದಿನಾ ಸರಿ ಬಿಡಿ ಎನ್ನುತ್ತಿದ್ದ.

"ಮೊದಲ ಭಾನುವಾರವೇ ನೋಡಿದೆ" ಎಂದು ಅವನು ಮುಂದುವರಿಸಿದ. "ಭಾವ ಸ್ನಾನಕ್ಕೆ ಹೋಗಿದ್ರು."

"ಬಿಚ್ಕೊಂಡು ಹೋಗಬಾರದಿತ್ತಾ? ನಿಮ್ಮ ಪ್ರಾಣ ಕಾಯೋದು ಅದು ಅಂತ ನಿನಗೆ ಗೊತ್ತಿರ್ಲಿಲ್ವಾ?"

"ಬಿಚ್ಚೋಕೆ ಅಂತ ಕೈ ಹಾಕಿದ್ದೆ ಅಕ್ಕ. ನೀನು ಕೆಳಗೆ ಚಾಪೆ ಮೇಲೆ ಮಲಗಿದ್ದೆ. ಬಾಯಿ ಬಿಟ್ಕೊಂಡು, ಗೊರಕೆ ಹೊಡೀತಾ. ಎಷ್ಟು ದಿನ ಆಗಿತ್ತು ನೀನು ಹಾಗೆ ಮಲಗಿ. ನಾನು ಮುಟ್ಟಿದ ತಕ್ಷಣ ಎಚ್ಚರ ಆಗ್ಬಿಡುತ್ತೇನೋ ಅಂತ ಹಾಗೇ ಬಿಟ್ಟು ಬಂದೆ."

ಅವಳು ಮಂಚದ ಅಂಚಿಗೆ ಹಣೆ ಒತ್ತಿದಳು. "ನನ್ನ ನಿದ್ದೆಗಿಷ್ಟು ಬೆಂಕಿ ಬೀಳ" ಎಂದಳು. ಎರಡು ಸಲ ಅದನ್ನೇ ಹೇಳಿದಳು. ಆಮೇಲೆ ಅವಳ ಬೆನ್ನು ಮಾತ್ರ ಅಲುಗುತ್ತಿತ್ತು.

ಉಡ ಪಟ್ಟಿ ಸುತ್ತಿದ ಕೈಯೆತ್ತಿ ಅಕ್ಕನ ತಲೆ ಎಲ್ಲಿದೆ ಎಂದು ತಡಕಿದ. ಕೈ ದಿಂಬಿನ ಮೇಲೆ ಬಿತ್ತು, ಮಂಚದ ಕಂಬಿಗೆ ತಾಗಿತು, ಆಮೇಲೆ ಏನೂ ಸಿಗದೆ ಹಾಗೇ ನಿಂತಿತು. ನಾನು ಮಗುವನ್ನು ಒಂದು ಹೆಗಲಿಗೆ ಹಾಕಿಕೊಂಡು, ಅವನ ಮಣಿಕಟ್ಟು ಹಿಡಿದು ಅವಳ ತಲೆಯ ಮೇಲೆ ಇಟ್ಟೆ.